ಹೊಸ್ತ್ ಉಂತೆ

ಫೋನಿನ ಸ್ಪೀಕರ್ ಹಾಕಿತ್ತು. ಅತ್ತ ಪಾತ್ರೆಗಳ ಸದ್ದು, ಯಾರೋ "ಎರಡು ಮಸಾಲೆ" ಎಂದು ಕೂಗುವ ದನಿ. ಅದರ ನಡುವೆಯೇ ಮೊಮ್ಮಗ ಹೇಳಿದ: "ಅಜ್ಜಿ, ನಾ ಹೊಸ್ತ್ ಉಂತೆ." ಅಜ್ಜಿ ಸೆರಗು ಸರಿಮಾಡಿಕೊಂಡು, ಅವನು ಎದುರಿಗೇ ಕೂತಿದ್ದಾನೋ ಎಂಬಂತೆ ಅಂದರು: "ಉಣ್ ಮಗಾ, ಉಣ್."

ಬೈಂದೂರು ತಾಲ್ಲೂಕಿನ ನಾವುಂದದಲ್ಲಿ ಆ ಮನೆಗೆ ನಾನು ಹೋದದ್ದು ಕುಂದಾಪುರದ ಕೋಳಿ ಸಾರಿನ ಬಗ್ಗೆ ಬರೆಯಲು. "ಇವತ್ ಕೋಳಿ ಮಾತ್ ಬ್ಯಾಡ, ಹೊಸ್ತ್" ಎಂದು ಅಜ್ಜಿ ಬಾಗಿಲಲ್ಲೇ ತಡೆದರು. ಬ್ಯಾಡಗಿ ಮೆಣಸಿನ ಲೆಕ್ಕ ಅಲ್ಲಿಗೇ ನಿಂತಿತು.

ಹೊಸ್ತು ಅಂದರೆ ವರ್ಷದ ಹೊಸ ಅಕ್ಕಿಯ ಮೊದಲ ಊಟ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ನವರಾತ್ರಿಯ ಹೊತ್ತಿಗೆ ಇದರ ಸಡಗರ. ಬೆಳಕು ಹರಿಯುವಾಗ ಗದ್ದೆಗೆ ಹೋಗಿ ಕದಿರು ಕೊಯ್ದು ತಂದು ತುಳಸಿಕಟ್ಟೆಯ ಬಳಿ ಇಡುತ್ತಾರೆ. ಪೂಜೆಯಾದ ಮೇಲೆ ಮಾವು, ಹಲಸು, ಬಿದಿರಿನ ಎಲೆಗಳ ಜೊತೆ ಸೇರಿಸಿ ನಾರಿನಲ್ಲಿ ಬಿಗಿದು ಮನೆಯ ಕಂಬ, ಬಾವಿಕಟ್ಟೆ, ಕೊಟ್ಟಿಗೆ, ತೆಂಗಿನ ಮರಕ್ಕೆಲ್ಲ ಕಟ್ಟುವುದು. ನೊಗ ಇಲ್ಲದ ಈ ಮನೆಯಲ್ಲಿ ಅದರ ಬದಲು ಬೈಕಿನ ಹ್ಯಾಂಡಲ್ಲಿಗೆ ಒಂದು ಕಟ್ಟಿತ್ತು.

ಒಂದಿಷ್ಟು ಭತ್ತವನ್ನು ಅಜ್ಜಿ ಉಗುರಿನಲ್ಲೇ ಸುಲಿದರು. ಕೆಂಪು ಅಕ್ಕಿ, ಹಸಿ ಹಾಲಿನ ವಾಸನೆ. ಅಂಗೈಯ ಆ ಅಕ್ಕಿ ತೆಂಗಿನ ಹಾಲು, ಬೆಲ್ಲದ ಪಾಯಸಕ್ಕೆ ಬಿತ್ತು. ಉಳಿದದ್ದೆಲ್ಲ ಅಂಗಡಿ ಅಕ್ಕಿಯೇ. ಹರಿವೆ, ಸೌತೆಯ ಹುಳಿ, ಕೆಸುವಿನ ಪತ್ರೊಡೆಗಳಿಂದ ಎಲೆ ತುಂಬಿತು. ಆದರೆ ಯಾರೂ ಕೈ ಹಾಕಲಿಲ್ಲ. ಕಿರಿಯರು ಒಬ್ಬೊಬ್ಬರಾಗಿ "ಹೊಸ್ತ್ ಉಂತೆ", ಹೊಸ್ತು ಉಣ್ಣುತ್ತೇನೆ, ಎಂದು ಹಿರಿಯರ ಅಪ್ಪಣೆ ಕೇಳಬೇಕು. ಅದಾಗದೆ ತುತ್ತಿಲ್ಲ.

ಊರಿಗೆಲ್ಲ ಬಡಿಸಿದವರ ನೆಲ ಇದು. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾಗಿ ಮುಂದೆ ಎಂಟಿಆರ್ ಆದ ಹೋಟೆಲಿನ ಮಯ್ಯ ಸೋದರರು ಕೋಟದ ಹತ್ತಿರದ ಪಾರಂಪಳ್ಳಿಯವರು. ಅಲ್ಲಿಯದೇ ವಿದ್ಯಾರ್ಥಿ ಭವನ ಹೋಟೆಲ್ ಕಟ್ಟಿದ ವೆಂಕಟರಮಣ ಉರಾಳರು ಸಾಲಿಗ್ರಾಮದವರು. 1970ರಲ್ಲಿ ಅದನ್ನು ವಹಿಸಿಕೊಂಡ ರಾಮಕೃಷ್ಣ ಅಡಿಗರು ಶಂಕರನಾರಾಯಣದವರು. ಈ ಅಜ್ಜಿಯ ಮೊಮ್ಮಗನೂ ಬೆಂಗಳೂರಿನ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವನು. ಹಿಂದಿನ ರಾತ್ರಿಯ ಬಸ್ಸಿನಲ್ಲಿ ಅವನಿಗೊಂದು ಪೊಟ್ಟಣ ಹೋಗಿತ್ತು: ನಾಲ್ಕು ಕದಿರು, ಸುಲಿದ ಒಂದು ಚಿಟಿಕೆ ಅಕ್ಕಿ. ದಿನಕ್ಕೆ ನೂರಾರು ಜನರಿಗೆ ಹೊಯ್ದು ಕೊಡುವ ಹುಡುಗ ಆ ಚಿಟಿಕೆಗೆ ಅಜ್ಜಿಯ ಮಾತು ಕಾಯುತ್ತಿದ್ದ.

ಈ ಹಬ್ಬಕ್ಕೆ ಬೇಕಾದದ್ದು ಒಂದೇ, ಗದ್ದೆ. ಕಾರ್ತಿ, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದ ಬಯಲಿನಲ್ಲಿ ಈಗ ಮಳೆಗಾಲದ ಕಾರ್ತಿಯೇ ಕಷ್ಟ. ಆಳು ಸಿಗುವುದಿಲ್ಲ, ಕೂಲಿ ಕೊಟ್ಟು ಪೂರೈಸುವುದಿಲ್ಲ, ಗದ್ದೆಗೆ ಇಳಿಯಬೇಕಾದ ಮಕ್ಕಳು ಹೋಟೆಲಿನಲ್ಲಿದ್ದಾರೆ. ಪ್ರಯತ್ನಗಳೂ ನಡೆದಿವೆ. 2021ರಲ್ಲಿ ಕೇದಾರೋತ್ಥಾನ ಟ್ರಸ್ಟ್ ಉಡುಪಿಯ ಸುತ್ತಮುತ್ತ ಹಡಿಲು, ಅಂದರೆ ಪಾಳು ಬಿದ್ದ ಗದ್ದೆಗಳನ್ನು ಮತ್ತೆ ನಾಟಿಗೆ ತಂದಿತು. ಕರಾವಳಿಗೆಂದೇ 'ಸಹ್ಯಾದ್ರಿ ಕೆಂಪುಮುಕ್ತಿ' ಎಂಬ ಕೆಂಪಕ್ಕಿ ತಳಿಯೂ ಬಂದಿದೆ. ಹಡಿಲು ಬಿಟ್ಟವರು ಹೊಸ್ತಿಗೆಂದಾದರೂ ಒಂದು ಮೂಲೆಯಲ್ಲಿ ನಟ್ಟಾರೇ ಎಂಬ ಆಸೆ ನನ್ನದು.

ಎಲ್ಲರಿಗೂ ಅಪ್ಪಣೆ ಕೊಟ್ಟಾದ ಮೇಲೆ ಅಜ್ಜಿಗೆ ಕೇಳಲು ಯಾರೂ ಉಳಿದಿರಲಿಲ್ಲ. ಮನೆಗೆ ಅವರೇ ಹಿರಿಯರು. ಕಂಬಕ್ಕೆ ಕಟ್ಟಿದ ಕದಿರಿನ ಕಡೆ ತಿರುಗಿ ಮೆಲ್ಲಗೆ "ಹೊಸ್ತ್ ಉಂತೆ" ಅಂದು ಕೈ ಹಾಕಿದರು.

ಆ ಕದಿರು ಪಕ್ಕದ ಮನೆಯವರ ಗದ್ದೆಯದು. ಬರುವ ವರ್ಷ ಅವರೂ ಗದ್ದೆ ಮಾಡುವುದಿಲ್ಲವಂತೆ.