ಅಟ್ಟದಿಂದ ಇಳಿಸಿದ ಸ್ಪೀಕರ್ ಮತ್ತೆ ಪಳಗಬೇಕಾ?

ವರ್ಷಗಟ್ಟಲೆ ಅಟ್ಟದ ಮೇಲಿದ್ದ ಸ್ಪೀಕರ್ ಕೆಳಗಿಳಿಸಿದ್ದೀರಿ. "ನೂರು ಗಂಟೆ ಹಾಡಿಸಿ, ಆಮೇಲೆ ಕೇಳಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕೋನಿನ ಹಿಂದೆ ನೆರಿಗೆ ನೆರಿಗೆಯಾದ ಒಂದು ಬಟ್ಟೆ ಇರುತ್ತೆ, ಸಾಮಾನ್ಯವಾಗಿ ಹಳದಿ ಬಣ್ಣದ್ದು. ಅದೇ ಸ್ಪೈಡರ್. ರಾಳದಲ್ಲಿ ಅದ್ದಿ, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಹೊಸದರಲ್ಲಿ ಬಿಗಿಯಾಗಿರುತ್ತೆ, ಕೋನ್ ಹಿಂದೆ ಮುಂದೆ ಆಡಿದ ಹಾಗೆ ರಾಳದ ಹಿಡಿತ ಬಿಟ್ಟು ಸಡಿಲವಾಗುತ್ತೆ. ಬಿಟ್ಟ ಹಿಡಿತ ಮತ್ತೆ ಕೂಡಿಕೊಳ್ಳಲ್ಲ. ಸುಮ್ಮನಿದ್ದಾಗ, ಅದರಲ್ಲೂ ಚಳಿಯಲ್ಲಿ, ಸ್ಪೈಡರೂ ಕೋನಿನ ರಬ್ಬರ್ ಅಂಚೂ ಸ್ವಲ್ಪ ಬಿಗಿಯಾಗೋದು ನಿಜ. ಒಂದೆರಡು ಹಾಡು ಮುಗಿಯುವಷ್ಟರಲ್ಲಿ ಅದು ಸರಿಹೋಗುತ್ತೆ.

ನೋಡಬೇಕಾದ್ದು ಬೇರೆ ಇದೆ. 1970, 80ರ ದಶಕದ ಎಷ್ಟೋ ವೂಫರ್‌ಗಳ ಅಂಚು ಪಾಲಿಯುರೆಥೇನ್ ಫೋಮಿನದು. ಗಾಳಿಯ ತೇವಕ್ಕೆ ಅದು ಇದ್ದಲ್ಲೇ ಕೊಳೆಯುತ್ತೆ. ಬೆರಳಲ್ಲಿ ಮೆಲ್ಲಗೆ ಮುಟ್ಟಿ. ಅಂಟಂಟಾಗಿದ್ದರೆ, ಪುಡಿ ಉದುರಿದರೆ, ಹಾಡಿಸಲೇಬೇಡಿ. ಕೋನ್ ಓರೆಯಾಗಿ, ಅದರ ಹಿಂದಿನ ತಂತಿ ಸುರುಳಿ, ಅಂದರೆ ಕಾಯಿಲ್, ಉಜ್ಜಿ ಹಾಳಾಗುತ್ತೆ. ಹೊಸ ಫೋಮ್ ಅಂಟಿಸಿಕೊಡುವ ರಿಪೇರಿಯವರಿದ್ದಾರೆ. ಒಳ್ಳೇ ವೂಫರನ್ನು ದಯವಿಟ್ಟು ಗುಜರಿಗೆ ಹಾಕಬೇಡಿ.

ಅಂಚು ಚೆನ್ನಾಗಿದ್ದರೆ, ಎರಡೂ ಕೈ ಬೆರಳುಗಳನ್ನು ಕೋನಿನ ಮೇಲೆ ಸಮನಾಗಿಟ್ಟು ಹಗುರಾಗಿ ಒತ್ತಿ. ಕರಕರ ಸದ್ದು ಬಂದರೆ ಕಾಯಿಲ್ ಉಜ್ಜುತ್ತಿದೆ ಅಂತಲೇ ಅರ್ಥ. ಬರದಿದ್ದರೆ ಕಡಿಮೆ ವಾಲ್ಯೂಮಿನಲ್ಲಿ ಶುರು ಮಾಡಿ. ಆಮೇಲೂ ಒಂದು ಬದಿಯ ಟ್ವೀಟರ್ ಮಂಕಾಗಿ ಕೇಳಿಸಿದರೆ, ಸದ್ದನ್ನು ವೂಫರಿಗೂ ಟ್ವೀಟರಿಗೂ ಹಂಚುವ ಕ್ರಾಸ್‌ಓವರಿನ ಹಳೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿರಬಹುದು. ಅದನ್ನು ಎರಡೂ ಬಾಕ್ಸಿನಲ್ಲಿ ಒಟ್ಟಿಗೇ ಬದಲಿಸಿ.