ಊತ ಇಳಿಯಿತು, ನಾಡಿ ನೋಡಿದಿರಾ?

'ಹಾರ್ಟ್ ಫೇಲ್ಯೂರ್' ಎಂದೊಡನೆ ಹೃದಯ ನಿಂತೇಹೋಯಿತು ಎಂದುಕೊಳ್ಳುವವರೇ ಹೆಚ್ಚು. ಪುಣೆಯ ನಮ್ಮ ಓಪಿಡಿಯಲ್ಲಿ, ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ, ಮೊದಲು ಈ ಭಯ ಬಿಡಿಸಬೇಕು. ಹೃದಯ ನಿಂತಿಲ್ಲ, ದೇಹಕ್ಕೆ ಬೇಕಾದಷ್ಟು ರಕ್ತ ತಳ್ಳಲಾಗದೆ ಸೋತಿದೆ, ಅಷ್ಟೇ. ಅದರ ಬೆನ್ನಿಗೇ ಬರುವ ಇನ್ನೊಂದು ತೊಂದರೆಯ ಬಗ್ಗೆ ಮಾತ್ರ ಕೇಳುವವರು ಕಡಿಮೆ. ಅದು ನಾಡಿಯ ತಾಳ ತಪ್ಪುವುದು.

ಕೆಳಗಿನ ಹೃತ್ಕುಕ್ಷಿ ಸೋತಾಗ ಒತ್ತಡ ಹಿಂದಕ್ಕೆ ಏರುತ್ತದೆ, ಮೇಲಿನ ಹೃತ್ಕರ್ಣದ ತೆಳು ಗೋಡೆ ಹಿಗ್ಗುತ್ತದೆ. ಆಂಜಿಯೋಟೆನ್ಸಿನ್‌ನಂಥ ಹಾರ್ಮೋನುಗಳೂ ಸೇರಿ, ಸ್ನಾಯುವಿನ ಎಳೆಗಳ ನಡುವೆ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ಸರಾಗವಾಗಿ ಹರಿಯಬೇಕಾದ ವಿದ್ಯುತ್ ಸಂಕೇತ ಆ ನಾರನ್ನು ಬಳಸಿಕೊಂಡು, ಕೆಲವೆಡೆ ತಡವಾಗಿ, ಬಂದ ದಾರಿಗೇ ಸುತ್ತಿ ಬರುತ್ತದೆ. ಕೊನೆಗೆ ಹೃತ್ಕರ್ಣ ಮಿಡಿಯುವುದನ್ನು ಬಿಟ್ಟು ಬರಿದೇ ಅದುರತೊಡಗುತ್ತದೆ. ಇದೇ ಏಟ್ರಿಯಲ್ ಫಿಬ್ರಿಲೇಶನ್. ಕೆಲವರಿಗೆ ಎದೆ ಡವಡವ ಎನ್ನುತ್ತದೆ. ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ.

ಕೆನಡಾದ ಮಾಂಟ್ರಿಯಲ್‌ನಲ್ಲಿ ಸ್ಟಾನ್ಲಿ ನಾಟೆಲ್ ಅವರ ತಂಡ ನಾಯಿಗಳ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಬಿಡಿಸಿ ತೋರಿಸಿತು. ಹೃತ್ಕರ್ಣವನ್ನೇ ವೇಗವಾಗಿ ಮಿಡಿಸಿದಾಗ ಕೆಡುವುದು ಮುಖ್ಯವಾಗಿ ಅದರ ವಿದ್ಯುತ್ ಗುಣ. ಹೃದಯ ಸೋತಾಗ ಕೆಡುವುದು ಅದರ ಕಟ್ಟಡವೇ. ಪಂಪ್ ಚೇತರಿಸಿಕೊಂಡ ಮೇಲೂ ಆ ನಾರು ಉಳಿದೇ ಇರುತ್ತದೆ ಎಂದು ಮುಂದಿನ ಪ್ರಯೋಗಗಳು ಹೇಳಿದವು.

ನನಗೆ ಮುಖ್ಯವೆನಿಸುವುದು ಈ ಕೊನೆಯ ಮಾತು. ಔಷಧದಿಂದ ಕಾಲಿನ ಊತ ಇಳಿಯುತ್ತದೆ, ಏದುಸಿರು ಕಡಿಮೆಯಾಗುತ್ತದೆ. ಆಗ ಬರುವ ಪ್ರಶ್ನೆ: 'ಈಗ ಆರಾಮ್ ಅದೀನ್ರಿ ಡಾಕ್ಟ್ರ, ರಕ್ತ ತೆಳ್ಳಗ ಮಾಡೋ ಗುಳಗಿ ಬಿಡ್ಲೇನ್ರಿ?' ತಾಳ ತಪ್ಪಿದೆ ಎಂದು ಒಮ್ಮೆ ಪತ್ತೆಯಾದವರು ವೈದ್ಯರನ್ನು ಕೇಳದೆ ಬಿಡಲೇಬಾರದು. ಅದುರುವ ಹೃತ್ಕರ್ಣದ ಮೂಲೆಯ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಅದು ಮಿದುಳಿಗೆ ಹೋದರೆ ಲಕ್ವ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ ಈ ಅಪಾಯ ಸುಮಾರು 5 ಪಟ್ಟು ಕಂಡಿತ್ತು. ಇತ್ತ ಹೃತ್ಕರ್ಣದ ಕೊನೆಯ ತಳ್ಳು ಸಿಗದೆ ಹೃತ್ಕುಕ್ಷಿಯೂ ಪೂರ್ತಿ ತುಂಬುವುದಿಲ್ಲ, ಚೇತರಿಸಿಕೊಂಡ ಹೃದಯ ಮತ್ತೆ ಸೋಲುತ್ತದೆ. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕಿರಿದಾದವರಲ್ಲಿ ಇದೇ ಕಥೆ ಇನ್ನೂ ಚಿಕ್ಕ ವಯಸ್ಸಿಗೇ ಶುರುವಾಗುತ್ತದೆ.

ಊರಲ್ಲಿರುವ ಅಪ್ಪ ಅಮ್ಮನಿಗೆ ಫೋನಿನಲ್ಲಿ 'ಬಿಪಿ ಎಷ್ಟಿದೆ' ಎಂದು ಕೇಳುತ್ತೇವಲ್ಲ, ನಾಡಿಯನ್ನೂ ಕೇಳಿ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ 1 ನಿಮಿಷ ಗಮನಿಸಬೇಕು. ಒಂದು ಬೇಗ, ಒಂದು ತಡ, ಯಾವ ಕ್ರಮವೂ ಇಲ್ಲದೆ ಬಡಿಯುತ್ತಿದ್ದರೆ ಅಂದೇ ಒಂದು ಇಸಿಜಿ ತೆಗೆಸಿ.