ರಾಯಚೂರಿಗೆ 21,251, ಮಾನ್ವಿಗೆ 19,319: ಕನಿಷ್ಠ ವೇತನದ ಒಳಲೆಕ್ಕ

ಕನಿಷ್ಠ ವೇತನ ಪರಿಷ್ಕರಣೆಗೆ ರಾಜ್ಯ ಸರ್ಕಾರ 2025ರ ಏಪ್ರಿಲ್‌ನಲ್ಲಿ ಕರಡು ಹೊರಡಿಸಿದಾಗ ಜಗಳವೆಲ್ಲ ಶೇಕಡಾವಾರಿನ ಸುತ್ತಲೇ ನಡೆಯಿತು. ಇಷ್ಟೊಂದು ಏರಿಕೆ ತಾಳಲಾಗದು ಎಂದು ಉದ್ಯಮಿಗಳ ಸಂಘಟನೆಗಳು ವಿರೋಧಿಸಿದವು. ಒಂದು ಪೈಸೆಯೂ ಇಳಿಯಬಾರದು ಎಂದು ಕಾರ್ಮಿಕ ಸಂಘಟನೆಗಳು ಪಟ್ಟು ಹಿಡಿದವು. ಆ ಮೊತ್ತ ಒಂದು ಮನೆಯನ್ನು ಹೇಗೆ ನಡೆಸುತ್ತದೆ ಎಂಬ ಲೆಕ್ಕ ಮಾತ್ರ ಹಿಂದೆ ಬಿತ್ತು.

ಮೂರು ವಲಯ, ಮೂರು ದರ

ಕರಡಿನ ಪ್ರಕಾರ ಅಕುಶಲ ಕಾರ್ಮಿಕರ ವೇತನ (26 ದಿನದ ತಿಂಗಳು):

- ಬೆಂಗಳೂರು: 23,376.43 ರೂ. (ದಿನಕ್ಕೆ 899 ರೂ.)
- ರಾಯಚೂರಿನಂಥ ಜಿಲ್ಲಾ ಕೇಂದ್ರ: 21,251.30 ರೂ. (817 ರೂ.)
- ದೇವದುರ್ಗ, ಮಾನ್ವಿಯಂಥ ತಾಲ್ಲೂಕು ಊರು: 19,319.36 ರೂ. (743 ರೂ.)

ಒಂದೊಂದು ಮೆಟ್ಟಿಲಿಗೂ ಶೇ 10ರ ಅಂತರ. ರಾಯಚೂರಿನ ಹತ್ತಿ ಗಿರಣಿಯಲ್ಲಿ ದುಡಿಯುವವರಿಗಿಂತ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ದುಡಿಯುವವರಿಗೆ ವರ್ಷಕ್ಕೆ 23,183 ರೂ. ಕಡಿಮೆ. ಬೇಳೆ, ಎಣ್ಣೆ, ಗ್ಯಾಸಿನ ಬೆಲೆ ತಾಲ್ಲೂಕಿನ ಗಡಿ ದಾಟಿದ ಮಾತ್ರಕ್ಕೆ ಶೇ 10ರಷ್ಟು ಇಳಿಯುವುದಿಲ್ಲ. ದೊಡ್ಡ ಕಾಯಿಲೆ ಬಂದರೆ ಬಸ್ಸಿಗೆ ದುಡ್ಡು ಹೊಂದಿಸಿಕೊಂಡು ರಾಯಚೂರಿನ ರಿಮ್ಸ್ ಆಸ್ಪತ್ರೆಗೇ ಬರಬೇಕು. ಬೆಂಗಳೂರಿಗೂ ದೇವದುರ್ಗಕ್ಕೂ ತಿಂಗಳಿಗೆ 4,057 ರೂ. ಅಂತರ ಇಟ್ಟು ಗುಳೆ ನಿಲ್ಲಲಿ ಎಂದರೆ ಹೇಗೆ ನಿಂತೀತು?

ಮೊತ್ತದೊಳಗೆ ಏನಿದೆ?

ಸೂತ್ರ 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದ್ದು. ದುಡಿಯುವವರು 1, ಬಾಳಸಂಗಾತಿ 0.8, ಇಬ್ಬರು ಮಕ್ಕಳು ತಲಾ 0.6, ಒಟ್ಟು ಮೂರು ಘಟಕ. ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಮನೆಯಲ್ಲಿರುವ ಮುದಿ ತಂದೆ-ತಾಯಿ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಶಿಕ್ಷಣ, ಚಿಕಿತ್ಸೆ, ಮದುವೆ, ಮುಪ್ಪಿಗೆಂದು ಶೇ 25ನ್ನು ಸುಪ್ರೀಂ ಕೋರ್ಟ್ 1991ರ ರಪ್ಟಾಕೋಸ್ ಬ್ರೆಟ್ ತೀರ್ಪಿನಲ್ಲಿ ಸೇರಿಸಿತು. ಊಟ-ಬಟ್ಟೆಯ ಖರ್ಚಿನ ಶೇ 10 ಬಾಡಿಗೆ, ವೇತನದ ಶೇ 20 ಉರುವಲು ಮತ್ತಿತರ ಖರ್ಚು ಎಂಬ ಪ್ರಮಾಣ ಕೇಂದ್ರದ 2020ರ ಕರಡು ನಿಯಮಗಳಲ್ಲಿದೆ.

ಈ ಪ್ರಮಾಣದಲ್ಲಿ ಮಾನ್ವಿಯ 19,319.36 ರೂ.ಯನ್ನು ಬಿಡಿಸಿದರೆ:

- ಊಟ, ಬಟ್ಟೆ: 9,659.68 ರೂ.
- ಬಾಡಿಗೆ: 965.97 ರೂ.
- ಉರುವಲು, ಕರೆಂಟು, ಇತರೆ: 3,863.87 ರೂ.
- ಓದು, ಔಷಧ, ಮದುವೆ, ಮುಪ್ಪು: 4,829.84 ರೂ.

ಅಂದರೆ ಬೆಳಗಿನ ಚಹಾದಿಂದ ರಾತ್ರಿಯ ರೊಟ್ಟಿ-ಪಲ್ಯದವರೆಗೆ, ಉಡುವ ಬಟ್ಟೆಯೂ ಸೇರಿ, ಒಂದು ಘಟಕಕ್ಕೆ ದಿನಕ್ಕೆ 107 ರೂ. ಬಾಡಿಗೆಗೆ ತಿಂಗಳಿಗೆ 966 ರೂ. ಇದನ್ನು ದುಬಾರಿ ಎನ್ನುವವರು ಆ ದುಡ್ಡಿಗೆ ಮಾನ್ವಿಯಲ್ಲಿ ನೀರು, ಕರೆಂಟು ಇರುವ ಒಂದು ಕೋಣೆ ಹುಡುಕಿ ತೋರಿಸಲಿ.

ಗಿರಣಿಗೆ ಎಷ್ಟು ಹೊರೆ?

ಮಾಲೀಕರ ಲೆಕ್ಕವನ್ನೂ ನೋಡೋಣ. ಹತ್ತು ಆಳು ದುಡಿದು ದಿನಕ್ಕೆ 200 ಕ್ವಿಂಟಲ್ ಭತ್ತ ಅರೆಯುವ ಗಿರಣಿ ಎಂದಿಟ್ಟುಕೊಳ್ಳಿ. ತಲಾ ಪಗಾರ ತಿಂಗಳಿಗೆ 1,000 ರೂ. ಏರಿದರೆ ಕ್ವಿಂಟಲ್‌ಗೆ ಬೀಳುವ ಹೆಚ್ಚುವರಿ ಖರ್ಚು 1.92 ರೂ. 2025-26ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂ. ಕಾಲುವೆ ನೀರು ಎರಡನೇ ಬೆಳೆಗೆ ಬಾರದ ವರ್ಷ ಗಿರಣಿ ನಿಲ್ಲುತ್ತದೆ, ಆಗ ಸಣ್ಣ ಮಾಲೀಕರಿಗೆ ಕಷ್ಟ ನಿಜ. ಅದಕ್ಕೆ ವಿದ್ಯುತ್ ದರದಲ್ಲಿ, ಸಾಲದ ಬಡ್ಡಿಯಲ್ಲಿ ನೆರವು ಕೇಳುವುದು ನ್ಯಾಯ. ಆಳಿನ ಊಟದಲ್ಲಿ ಕಡಿತ ಕೇಳುವುದು ನ್ಯಾಯವಲ್ಲ.

251 ರೂಪಾಯಿಯ ಪೆಟ್ಟು

ಯಾರೂ ಗಟ್ಟಿಯಾಗಿ ಮಾತಾಡದ ಅಂಕಿ ಇನ್ನೊಂದಿದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಸೌಲಭ್ಯಕ್ಕೆ 2017ರ ಜನವರಿಯಲ್ಲಿ ನಿಗದಿಯಾದ ವೇತನ ಮಿತಿ 21,000 ರೂ. ಆ ಮಿತಿ ಹಾಗೇ ಇದ್ದರೆ, 21,251.30 ರೂ. ಪಡೆಯುವ ರಾಯಚೂರಿನ ಅಕುಶಲ ಕಾರ್ಮಿಕರು ಬರೀ 251.30 ರೂ. ಹೆಚ್ಚಾಯಿತೆಂದು ಕುಟುಂಬದ ಚಿಕಿತ್ಸೆಯ ಆಸರೆ ಕಳೆದುಕೊಳ್ಳುತ್ತಾರೆ. ಮಾನ್ವಿಯವರು ಕಡಿಮೆ ಪಗಾರದಿಂದಾಗಿ ಒಳಗೆ ಉಳಿಯುತ್ತಾರೆ, ತಿಂಗಳಿಗೆ 145 ರೂ. ವಂತಿಗೆ ಕಟ್ಟಿ.

ಆದ್ದರಿಂದ ವೇತನ ಏರಲೇಬೇಕು, ಇಎಸ್‌ಐ ಮಿತಿಯೂ ಅದರ ಜೊತೆಗೇ ಏರಬೇಕು. ಜಿಲ್ಲಾ ಕೇಂದ್ರ, ತಾಲ್ಲೂಕು ಎಂಬ ಎರಡು ದರ ಹೋಗಿ ಒಂದೇ ಆಗಬೇಕು. ಪಗಾರ ಬ್ಯಾಂಕ್ ಖಾತೆಗೇ ಬೀಳಬೇಕು, ಇಲ್ಲದಿದ್ದರೆ ರಿಜಿಸ್ಟರಿನಲ್ಲಿ ಒಂದು ಅಂಕಿ, ಕೈಯಲ್ಲಿ ಇನ್ನೊಂದು. ಈ ಮೂರನ್ನೂ ಒಟ್ಟಿಗೆ ಕೇಳುವ ಶಾಸಕರು, ಸಂಸದರು ಈ ಜಿಲ್ಲೆಗೆ ಬೇಕು.